ದೆವ್ವದ ಮನೆಗೆ ಗಿಟಾರ್ ಬಂದ ದಾರಿ

ಹಾರರ್ ಚಿತ್ರದ ಥೀಮ್ ಸಾಂಗ್ ಎಂದರೆ ಇಡೀ ಚಿತ್ರದ ಗುರುತನ್ನು ಹೊತ್ತು ತಿರುಗುವ ಹಾಡು, ಅಥವಾ ಹಾಡೂ ಅಲ್ಲದ ನಾಲ್ಕಾರು ಸ್ವರಗಳ ತುಣುಕು. ಅದು ಕೂರುವ ಜಾಗ ಮೂರು. ಟೈಟಲ್ ಕಾರ್ಡ್ ಓಡುವಾಗ ಬಂದರೆ ನೋಡುಗನನ್ನು ಸಜ್ಜುಗೊಳಿಸುತ್ತದೆ. ಕತೆಯ ನಡುವೆ, ಬಾಗಿಲು ತಾನಾಗಿ ತೆರೆದುಕೊಳ್ಳುವ ಹೊತ್ತಿಗೆ ಬಂದರೆ ದೆವ್ವದ ಬರವನ್ನು ಸಾರುತ್ತದೆ. ಕೊನೆಯಲ್ಲಿ ಹೆಸರುಗಳು ಉರುಳುವಾಗ, ಇಲ್ಲವೇ ಬಿಡುಗಡೆಗೆ ಮುಂಚಿನ ಪ್ರಚಾರದ ವಿಡಿಯೋದಲ್ಲಿ ಬಂದರೆ ಅದರ ಕೆಲಸ ವ್ಯಾಪಾರ. ರಾಕ್ ಸಂಗೀತ ಈ ಮೂರೂ ಜಾಗಗಳಿಗೆ ಒಂದೇ ಸಲ ಬರಲಿಲ್ಲ. ಚೆನ್ನೈನ ಚಿತ್ರರಂಗದಲ್ಲಂತೂ ಅದು ಬಹಳ ಕಾಲ ಬಾಗಿಲ ಹೊರಗೇ ನಿಂತಿತ್ತು. ಹಾಗೇಕೆ ಆಯಿತೆಂದು ತಿಳಿಯಬೇಕಾದರೆ ಅಲ್ಲಿನ ದೆವ್ವಗಳು ಎಲ್ಲಿ ವಾಸವಾಗಿದ್ದವು ಎಂದು ನೋಡಬೇಕು.

ರಾಕ್‌ಗೂ ಹಾರರ್‌ಗೂ ನಂಟು ಬೆಳೆದದ್ದು ಅಮೆರಿಕ ಮತ್ತು ಯುರೋಪಿನಲ್ಲಿ, ಅದೂ ಮೊದಲು ತಮಾಷೆಯಾಗಿ. 1958ರ ‘ದಿ ಬ್ಲಾಬ್’ ಆಕಾಶದಿಂದ ಬಿದ್ದು ಊರನ್ನೇ ನುಂಗುವ ಲೋಳೆಯ ಕತೆ. ಅದರ ಶೀರ್ಷಿಕೆ ಗೀತೆಗೆ ರಾಗ ಹಾಕಿದವರು ಮುಂದೆ ದೊಡ್ಡ ಹೆಸರು ಮಾಡಿದ ಬರ್ಟ್ ಬ್ಯಾಕರ‍್ಯಾಕ್, ಸಾಹಿತ್ಯ ಮ್ಯಾಕ್ ಡೇವಿಡ್ ಅವರದು. ಬರ್ನಿ ನೀ ಎಂಬ ಗಾಯಕ ಒಬ್ಬರೇ ತಮ್ಮ ಧ್ವನಿಯನ್ನು ಪದರ ಪದರವಾಗಿ ಸೇರಿಸಿ ಹಾಡಿದರು. ಮುದ್ರಿಕೆಯ ಮೇಲೆ ಮಾತ್ರ ‘ದಿ ಫೈವ್ ಬ್ಲಾಬ್ಸ್’ ಎಂಬ ತಂಡದ ಹೆಸರು. ಚಿತ್ರದಲ್ಲಿರುವ ಭಯಕ್ಕೂ ಈ ಹಾಡಿನ ಕುಣಿತಕ್ಕೂ ಸಂಬಂಧವೇ ಇಲ್ಲ. ಆದರೂ ಹಾಡು ಗೆದ್ದಿತು. ಹೆದರಿಸುವ ಚಿತ್ರವನ್ನು ಹೆದರಿಸದ ಹಾಡಿನಿಂದ ಮಾರಬಹುದು ಎಂಬ ಪಾಠ ಚಿತ್ರೋದ್ಯಮಕ್ಕೆ ಅಲ್ಲಿಂದಲೇ ಸಿಕ್ಕಿತು.

ನಿಜವಾದ ಭಯವನ್ನು ಗಿಟಾರಿಗೆ ತಂದವರು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ನಾಲ್ವರು ಹುಡುಗರು. 1963ರ ಒಂದು ಹಾರರ್ ಚಿತ್ರದ ಹೆಸರನ್ನೇ ಎತ್ತಿಕೊಂಡು ಅವರು ತಮ್ಮ ತಂಡಕ್ಕೆ ‘ಬ್ಲ್ಯಾಕ್ ಸಬಾತ್’ ಎಂದು ಇಟ್ಟುಕೊಂಡರು. ಹೆದರಿಕೊಳ್ಳಲು ಜನ ದುಡ್ಡು ಕೊಟ್ಟು ಸಾಲು ನಿಲ್ಲುತ್ತಾರಾದರೆ ಹೆದರಿಸುವ ಸಂಗೀತವೂ ನಡೆದೀತು ಎಂಬುದು ಅವರ ಲೆಕ್ಕ. 1970ರ ಫೆಬ್ರವರಿ 13, ಶುಕ್ರವಾರ, ಅವರ ಮೊದಲ ಆಲ್ಬಂ ಹೊರಬಂತು. ಅದರ ಮೊದಲ ಹಾಡಿನ ತಳದಲ್ಲಿರುವುದು ಮೂರೇ ಸ್ವರ: ಷಡ್ಜ, ಮೇಲಿನ ಷಡ್ಜ, ಅಲ್ಲಿಂದ ಇಳಿದು ನಡುಗುತ್ತ ನಿಲ್ಲುವ ಪ್ರತಿಮಧ್ಯಮ. ಹೆವಿ ಮೆಟಲ್ ಎಂಬ ಇಡೀ ಪ್ರಕಾರ ಹುಟ್ಟಿದ್ದು ಈ ಮೂರು ಸ್ವರಗಳಿಂದ ಎನ್ನುವವರಿದ್ದಾರೆ.

ಚಿತ್ರಕ್ಕೆಂದೇ ರಾಕ್ ತಂಡದಿಂದ ಸಂಗೀತ ಮಾಡಿಸುವುದನ್ನು ಗಂಭೀರವಾಗಿ ತೆಗೆದುಕೊಂಡವರು ಇಟಲಿಯ ನಿರ್ದೇಶಕ ದಾರಿಯೊ ಅರ್ಜೆಂಟೊ. 1975ರ ‘ಪ್ರೊಫೊಂದೊ ರೊಸ್ಸೊ’ ಚಿತ್ರಕ್ಕೆ ‘ಗೋಬ್ಲಿನ್’ ಎಂಬ ತಂಡ ಬಾರಿಸಿತು. 1977ರ ‘ಸಸ್ಪೀರಿಯಾ’ದ ಹೊತ್ತಿಗೆ ಸಂಗೀತ ಮೊದಲು, ಚಿತ್ರೀಕರಣ ಆಮೇಲೆ ಎಂಬಂತಾಗಿತ್ತು, ಸೆಟ್ಟಿನಲ್ಲಿ ಸಂಗೀತವನ್ನು ಜೋರಾಗಿ ಹಾಕಿ ನಟರನ್ನು ಕಂಗೆಡಿಸಿ ಅಭಿನಯ ತೆಗೆಸುತ್ತಿದ್ದರು. ಆ ಥೀಮ್‌ನಲ್ಲಿ ಗ್ರೀಸಿನ ಬುಜುಕಿಯ ಜೊತೆ ನಮ್ಮ ತಬಲಾದ ಸದ್ದೂ ಇದೆ. ಅಮೆರಿಕದಲ್ಲಿ 1973ರ ‘ದಿ ಎಕ್ಸಾರ್ಸಿಸ್ಟ್’ ಚಿತ್ರದೊಂದಿಗೆ ಎಲ್ಲರ ತಲೆಯಲ್ಲೂ ಅಂಟಿಕೊಂಡಿರುವ ಘಂಟಾನಾದದಂಥ ರಾಗವೋ ಚಿತ್ರಕ್ಕಾಗಿ ಬರೆದದ್ದೇ ಅಲ್ಲ. ಅದು ಮೈಕ್ ಓಲ್ಡ್‌ಫೀಲ್ಡ್ ಎಂಬ ಹದಿಹರೆಯದ ಹುಡುಗನ ‘ಟ್ಯೂಬ್ಯುಲರ್ ಬೆಲ್ಸ್’ ಆಲ್ಬಮ್ಮಿನ ಆರಂಭದ ಭಾಗ. ನಿರ್ದೇಶಕ ವಿಲಿಯಂ ಫ್ರೀಡ್ಕಿನ್ ತಾವೇ ಮಾಡಿಸಿದ್ದ ಸಂಗೀತವನ್ನು ತಿರಸ್ಕರಿಸಿ ಇದನ್ನು ಎತ್ತಿಕೊಂಡರು. 1980ರ ದಶಕಕ್ಕೆ ಬರುವಷ್ಟರಲ್ಲಿ ಹಾರರ್ ಚಿತ್ರಕ್ಕೆ ರಾಕ್ ಹಾಡು ಎಂಬುದು ರೂಢಿಯೇ ಆಗಿಹೋಯಿತು: ‘ಫ್ರೈಡೇ ದ ಥರ್ಟೀಂತ್’ ಸರಣಿಯ ಆರನೆಯ ಚಿತ್ರಕ್ಕೆ 1986ರಲ್ಲಿ ಆ್ಯಲಿಸ್ ಕೂಪರ್, 1987ರಲ್ಲಿ ‘ಎ ನೈಟ್‌ಮೇರ್ ಆನ್ ಎಲ್ಮ್ ಸ್ಟ್ರೀಟ್’ ಸರಣಿಯ ಮೂರನೆಯದಕ್ಕೆ ‘ಡಾಕೆನ್’ ತಂಡ, 1989ರಲ್ಲಿ ಸ್ಟೀಫನ್ ಕಿಂಗ್ ಕಾದಂಬರಿ ಆಧರಿಸಿದ ‘ಪೆಟ್ ಸೆಮೆಟರಿ’ಗೆ ‘ರಾಮೋನ್ಸ್’. ಕಿಂಗ್ ಸ್ವತಃ ರಾಮೋನ್ಸ್ ಅಭಿಮಾನಿ.

ಇವೆಲ್ಲದರ ಒಳಗುಟ್ಟು ಏನು? ಗಿಟಾರಿನ ಸದ್ದು ಹೆದರಿಸುವುದು ಹೇಗೆ? ಮೊದಲನೆಯದು ಡಿಸ್ಟಾರ್ಷನ್. ಆ್ಯಂಪ್ಲಿಫೈಯರಿಗೆ ಅದು ತಾಳಿಕೊಳ್ಳುವುದಕ್ಕಿಂತ ಹೆಚ್ಚಿನ ಸಂಕೇತ ಕೊಟ್ಟಾಗ ಅಲೆಯ ತುದಿ ಕತ್ತರಿಸಿದಂತಾಗಿ, ಮೂಲ ಸ್ವರದಲ್ಲಿ ಇಲ್ಲದ ಅನುಸ್ವರಗಳು ಹುಟ್ಟಿಕೊಳ್ಳುತ್ತವೆ. ಕಿರುಚಿ ಒಡೆದ ಗಂಟಲಲ್ಲಿ ಕೇಳಿಬರುವುದೂ ಇಂಥದೇ ಒರಟು. ಎರಡನೆಯದು ತಗ್ಗಿನ ಶ್ರುತಿ. ಗಿಟಾರಿನ ಅತಿ ದಪ್ಪ ತಂತಿ ಮಾಮೂಲಿಗೆ 82 ಹರ್ಟ್ಸ್ ಸುಮಾರಿಗೆ ಮಿಡಿಯುತ್ತದೆ. ಅದನ್ನು ಒಂದು ಮೆಟ್ಟಿಲು ಸಡಿಲಿಸಿದರೆ 73ಕ್ಕೆ ಇಳಿಯುತ್ತದೆ. ಥಿಯೇಟರಿನ ದೊಡ್ಡ ಸ್ಪೀಕರುಗಳಲ್ಲಿ ಈ ಮಟ್ಟದ ಸದ್ದು ಕಿವಿಗಷ್ಟೇ ಅಲ್ಲ, ಕುರ್ಚಿಗೂ ಎದೆಗೂ ತಾಗುತ್ತದೆ. ಮೂರನೆಯದು ಲಯ. ಜಾನ್ ಕಾರ್ಪೆಂಟರ್ 1978ರ ‘ಹ್ಯಾಲೋವೀನ್’ ಚಿತ್ರಕ್ಕೆ ತಾವೇ ನುಡಿಸಿದ ಥೀಮ್ ಐದರ ಎಣಿಕೆಯದು. ಆ ಎಣಿಕೆಯನ್ನು ಅವರಿಗೆ ಬಾಲ್ಯದಲ್ಲಿ ಕಲಿಸಿದವರು ಸಂಗೀತ ಅಧ್ಯಾಪಕರಾಗಿದ್ದ ತಂದೆ. ನಾಲ್ಕರ ನಡಿಗೆಗೆ ಒಗ್ಗಿದ ಪಾಶ್ಚಾತ್ಯ ಕಿವಿಗೆ ಐದು ಎಂದರೆ ಪ್ರತಿ ಸುತ್ತಿನಲ್ಲೂ ಒಂದು ಹೆಜ್ಜೆ ತಪ್ಪಿದಂತೆ.

ಇಲ್ಲೇ ಚೆನ್ನೈನ ಕಿವಿಗೂ ಬರ್ಮಿಂಗ್‌ಹ್ಯಾಮಿನ ಕಿವಿಗೂ ಇರುವ ಅಂತರ ಗೊತ್ತಾಗುವುದು. ಐದರ ಎಣಿಕೆ ಇಲ್ಲಿ ಖಂಡಛಾಪು; ಮೃದಂಗ ಕಲಿಯುವ ಮಕ್ಕಳೂ ಅದನ್ನು ಕೈಯಲ್ಲಿ ಹಾಕುತ್ತಾರೆ. ಷಡ್ಜದಿಂದ ಪ್ರತಿಮಧ್ಯಮಕ್ಕಿರುವ ಅಂತರಕ್ಕೆ ಯುರೋಪಿನ ಸಂಗೀತಗಾರರು ಸೈತಾನನ ಹೆಸರು ಅಂಟಿಸಿದ್ದರು. ಕರ್ನಾಟಕ ಸಂಗೀತದ 72 ಮೇಳಕರ್ತಗಳಲ್ಲಿ ಸರಿಯಾಗಿ ಅರ್ಧ, ಅಂದರೆ 37ರಿಂದ 72ರವರೆಗಿನವು, ಅದೇ ಪ್ರತಿಮಧ್ಯಮದ ರಾಗಗಳು. 65ನೆಯದಾದ ಕಲ್ಯಾಣಿಗೆ ಹೆದರಿ ಚೆನ್ನೈನ ಮೈಲಾಪುರದ ಸಂಗೀತ ಸಭೆಯಿಂದ ಎದ್ದು ಹೋದವರು ಯಾರೂ ಇಲ್ಲ. ಹಾಗಾಗಿ ಹೊರಗಿನ ಸೂತ್ರವನ್ನು ಇಲ್ಲಿ ಹಾಗೆಯೇ ನೆಟ್ಟರೆ ಚಿಗುರುವುದಿಲ್ಲ. ಭಯ ಬರುವುದು ಆ ಸ್ವರವನ್ನು ಗಮಕವಿಲ್ಲದೆ, ರಾಗದ ಆಸರೆಯಿಲ್ಲದೆ, ಒಂಟಿಯಾಗಿ ನಿಲ್ಲಿಸಿದಾಗ. ಚೆನ್ನೈ ಚಿತ್ರರಂಗದ ನೆಲೆಯಾದ ಕೋಡಂಬಾಕಂನ ಸಂಗೀತ ನಿರ್ದೇಶಕರಿಗೆ ಇದು ಬಹಳ ಬೇಗ ಗೊತ್ತಾಗಿತ್ತು, ಆದರೆ ಅವರು ಹಿಡಿದ ದಾರಿ ಬೇರೆ.

ಆ ದಾರಿ ಶುರುವಾದದ್ದು ಮುಂಬಯಿಯಲ್ಲಿ. 1949ರ ‘ಮಹಲ್’ ಚಿತ್ರದಲ್ಲಿ ಖೇಮಚಂದ್ ಪ್ರಕಾಶ್ ಸಂಗೀತಕ್ಕೆ ಲತಾ ಮಂಗೇಶ್ಕರ್ ಹಾಡಿದ ಹಾಡು ಭಾರತೀಯ ದೆವ್ವಕ್ಕೆ ಒಂದು ಕಂಠವನ್ನು ಕೊಟ್ಟುಬಿಟ್ಟಿತು. ದೂರದಿಂದ ಹತ್ತಿರಕ್ಕೆ ಬರುವ ಪರಿಣಾಮಕ್ಕಾಗಿ ಲತಾ ಕೋಣೆಯ ಮೂಲೆಯಿಂದ ಹಾಡುತ್ತ ಮೈಕಿನತ್ತ ನಡೆದು ಬಂದರೆಂಬ ಸಂಗತಿ ಹೆಸರುವಾಸಿ. ಬಿಳಿ ಸೀರೆ, ಮಂಜು, ಉಯ್ಯಾಲೆ, ಹೆಣ್ಣಿನ ಹಮ್ಮಿಂಗ್, ಇವು ಅಲ್ಲಿಂದ ಮುಂದೆ ಎಲ್ಲ ಭಾಷೆಗಳ ಸೊತ್ತಾದವು. ಹಿಂದಿಯ ‘ವೋ ಕೌನ್ ಥೀ’ 1966ರಲ್ಲಿ ತಮಿಳಿನಲ್ಲಿ ‘ಯಾರ್ ನೀ?’ ಆಗಿ ಬಂತು. ಜೈಶಂಕರ್ ನಾಯಕ, ಜಯಲಲಿತಾ ನಾಯಕಿ, ವೇದಾ ಸಂಗೀತ, ದೆವ್ವದ ಹಾಡಿಗೆ ಪಿ. ಸುಶೀಲಾ. ಸ್ವಾರಸ್ಯವೆಂದರೆ ಈ ಚಿತ್ರಗಳಲ್ಲಿ ದೆವ್ವವೇ ಇಲ್ಲ. ‘ಮಹಲ್’ನಲ್ಲಿ ಹಾಡುವವಳು ಮಾಲಿಯ ಮಗಳು, ‘ಯಾರ್ ನೀ?’ಯಲ್ಲಿ ನಾಯಕನನ್ನು ಹುಚ್ಚನೆಂದು ಸಾಬೀತು ಮಾಡುವ ಸಂಚು ನಡೆದಿರುತ್ತದೆ. ಹಾಡು ಅಲ್ಲಿ ಗಾಳ.

1963ರಲ್ಲಿ ಸಿ.ವಿ. ಶ್ರೀಧರ್ ನಿರ್ದೇಶಿಸಿದ ‘ನೆಂಜಂ ಮರಪ್ಪದಿಲ್ಲೈ’ ಮಾತ್ರ ನಿಜವಾಗಿಯೂ ಪುನರ್ಜನ್ಮದ ಕತೆ. ವಿಶ್ವನಾಥನ್–ರಾಮಮೂರ್ತಿ ಜೋಡಿಯ ಶೀರ್ಷಿಕೆ ಗೀತೆಯನ್ನು ಸುಶೀಲಾ ಜೊತೆ ಹಾಡಿದವರು ಪಿ.ಬಿ. ಶ್ರೀನಿವಾಸ್, ಕನ್ನಡಿಗರಿಗೆ ರಾಜ್‌ಕುಮಾರ್ ದನಿಯಾಗಿ ಮನೆಮಾತಾದವರು. ಚಿತ್ರದುದ್ದಕ್ಕೂ ಆ ರಾಗ ಮರಳಿ ಮರಳಿ ಬಂದು ಹಿಂದಿನ ಜನ್ಮದ ನೆನಪನ್ನು ಕೆದಕುತ್ತದೆ. ಮದರಾಸಿನ ಹಾರರ್ ಚಿತ್ರಗಳಿಗೆ ರಾಗ ಯಾಕೆ ಬೇಕಿತ್ತು ಎಂಬುದಕ್ಕೆ ಉತ್ತರ ಇದೇ ಚಿತ್ರದಲ್ಲಿದೆ. ದೆವ್ವ ಬರುವುದು ಹಳೆಯ ಕಾಲದಿಂದ. ಹಾಡು ಅದರ ಸಾಕ್ಷಿ. ಹಿಂದಿನ ಜನ್ಮದಲ್ಲಿ ಕೇಳಿದ್ದು ಎಂದು ನಂಬಿಸಬೇಕಾದರೆ ಅದು ಹಳೆಯದಾಗಿ ಕೇಳಿಸಬೇಕು. ಎಲೆಕ್ಟ್ರಿಕ್ ಗಿಟಾರಿನ ರಿಫ್, ಅಂದರೆ ಮರುಕಳಿಸುವ ಸ್ವರದ ತುಣುಕು, ಯಾರ ಹಿಂದಿನ ಜನ್ಮದ ನೆನಪೂ ಆಗಲಾರದು. ಆ ಕಾಲದ ಚಿತ್ರಗಳಲ್ಲಿ ರಾಕ್ ಅಂಡ್ ರೋಲ್ ಇರಲಿಲ್ಲವೆಂದಲ್ಲ. ಅದು ಕ್ಲಬ್ಬಿನಲ್ಲಿತ್ತು, ಖಳನ ಅಡ್ಡೆಯಲ್ಲಿತ್ತು, ಕಾಲೇಜು ಹುಡುಗರ ಪಿಕ್‌ನಿಕ್ಕಿನಲ್ಲಿತ್ತು. ದೆವ್ವ ಇದ್ದದ್ದು ಜಮೀನ್ದಾರರ ಬಂಗಲೆಯಲ್ಲಿ.

ಕನ್ನಡ ಚಿತ್ರರಂಗವೂ ಆಗ ಬಹುಮಟ್ಟಿಗೆ ಮದರಾಸಿನ ಸ್ಟುಡಿಯೊಗಳನ್ನೇ ನೆಚ್ಚಿಕೊಂಡಿತ್ತು. ಕನ್ನಡದಲ್ಲಿ ಹಾರರ್ ಎಂದೊಡನೆ ನೆನಪಾಗುವ ‘ನಾ ನಿನ್ನ ಬಿಡಲಾರೆ’ 1979ರದು. ವಿಜಯ್ ನಿರ್ದೇಶನ, ಅನಂತನಾಗ್ ಮತ್ತು ಲಕ್ಷ್ಮಿ ಅಭಿನಯ, ರಾಜನ್–ನಾಗೇಂದ್ರ ಸಂಗೀತ. ಎರಡು ವರ್ಷದ ಬಳಿಕ ಅದೇ ಕತೆ ಹಿಂದಿಗೆ ‘ಮಂಗಳಸೂತ್ರ’ವಾಗಿ ಹೋಯಿತು. ರಾಜನ್–ನಾಗೇಂದ್ರ ಅವರ ಇಂಪು ಎಷ್ಟಿತ್ತೆಂದರೆ ಚಿತ್ರ ನೋಡಿ ಹೆದರಿದವರೇ ಹಾಡುಗಳನ್ನು ಗುನುಗುತ್ತ ಮನೆಗೆ ಹೋದರು. ಭಯ ಇದ್ದದ್ದು ಹಾಡುಗಳ ನಡುವಿನ ಹಿನ್ನೆಲೆ ಸಂಗೀತದಲ್ಲಿ, ಚಿತ್ರರಂಗದವರ ಮಾತಿನಲ್ಲಿ ಹೇಳುವುದಾದರೆ ‘ಆರ್‌ಆರ್’ನಲ್ಲಿ, ಅಂದರೆ ರೀರೆಕಾರ್ಡಿಂಗ್‌ನಲ್ಲಿ.

ಈ ಆರ್‌ಆರ್‌ ಅನ್ನೇ ಒಂದು ಕಲೆಯಾಗಿ ಎತ್ತಿ ನಿಲ್ಲಿಸಿದವರು ಇಳಯರಾಜಾ. ತಮ್ಮ ಮೊದಲ ಚಿತ್ರವಾದ 1976ರ ‘ಅನ್ನಕ್ಕಿಳಿ’ಗೆ ಮುನ್ನ ಅವರು ಕನ್ನಡದ ಹೆಸರಾಂತ ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್ ಅವರ ವಾದ್ಯವೃಂದದಲ್ಲಿ ಗಿಟಾರ್ ನುಡಿಸುತ್ತಿದ್ದರು, ಅವರ ಸಹಾಯಕರೂ ಆಗಿದ್ದರು. ಗಿಟಾರ್ ಬಲ್ಲ ಸಂಗೀತ ನಿರ್ದೇಶಕನ ಕೈಗೆ 1978ರ ‘ಸಿಗಪ್ಪು ರೋಜಾಕ್ಕಳ್’ ಮತ್ತು 1980ರ ‘ಮೂಡುಪನಿ’ಯಂಥ ಕೊಲೆಗಡುಕರ ಕತೆಗಳು ಬಂದವು. ‘ಮೂಡುಪನಿ’ಯ ನಿರ್ದೇಶಕ ಬಾಲು ಮಹೇಂದ್ರ ನಿರ್ದೇಶಕರಾಗಿ ಕಾಲಿಟ್ಟದ್ದೂ ಕನ್ನಡದಿಂದಲೇ, 1977ರ ‘ಕೋಕಿಲಾ’ದ ಮೂಲಕ. ‘ಮೂಡುಪನಿ’ಯಲ್ಲಿ ಹೆಂಗಸರನ್ನು ಕೊಲ್ಲುವ ಪ್ರತಾಪ್ ಪೋತನ್ ಪಾತ್ರ ಕೈಯಲ್ಲಿ ಗಿಟಾರ್ ಹಿಡಿದೇ ಹಾಡುತ್ತದೆ. ಆದರೆ ಆ ಗಿಟಾರಿನಿಂದ ಹೊರಡುವುದು ಯೇಸುದಾಸ್ ಕಂಠದ ಮೃದುವಾದ ಪ್ರೇಮಗೀತೆ. ಪಶ್ಚಿಮದಲ್ಲಾಗಿದ್ದರೆ ಅದೇ ಗಿಟಾರನ್ನು ಆ್ಯಂಪ್ಲಿಫೈಯರಿಗೆ ಜೋಡಿಸಿ ಕೊಲೆಗಾರನ ಮನಸ್ಸನ್ನು ಒದರಿಸುತ್ತಿದ್ದರು. ಇಳಯರಾಜಾ ಹಾಡನ್ನು ಮುದ್ದಾಗಿಟ್ಟು, ಸುತ್ತಲಿನ ತಂತಿವಾದ್ಯಗಳಲ್ಲಿ ವಿಷ ಬೆರೆಸಿದರು. ಕೊಲೆಗಾರ ಮೋಹಕನಾದಷ್ಟೂ ಭಯ ಹೆಚ್ಚು ಎಂದು ನೋಡಿದರೆ ಇದೇ ಜಾಣ ಆಯ್ಕೆ.

ಅಷ್ಟರಲ್ಲಿ ಮದರಾಸಿನಲ್ಲಿ ರಾಕ್ ಬ್ಯಾಂಡುಗಳ ಒಂದು ಪುಟ್ಟ ಲೋಕ ಬೆಳೆಯುತ್ತಿತ್ತು. ‘ರೋಜಾ’ ಚಿತ್ರಕ್ಕೆ ಮುನ್ನ ಸಂಗೀತ ನಿರ್ದೇಶಕ ಎ.ಆರ್. ರಹಮಾನ್ ‘ನೆಮೆಸಿಸ್ ಅವೆನ್ಯೂ’ ಎಂಬ ರಾಕ್ ತಂಡದಲ್ಲಿದ್ದರು. ತಾಳವಾದ್ಯಗಾರ ಶಿವಮಣಿ, ಗಿಟಾರಿಸ್ಟ್ ಜಾನ್ ಆ್ಯಂಟನಿ ಆ ದಿನಗಳ ಬ್ಯಾಂಡುಗಳಲ್ಲಿ ಅವರ ಜೊತೆಗಾರರು. ಐಐಟಿ ಮದ್ರಾಸ್‌ನ ‘ಸಾರಂಗ್’ ಉತ್ಸವದ ರಾಕ್ ಸಂಜೆ ತಲೆಮಾರುಗಳ ಹುಡುಗರಿಗೆ ವೇದಿಕೆಯಾಯಿತು. ಅದೇ ಐಐಟಿಯಲ್ಲಿ ಓದಿದ ‘ಗಿಟಾರ್ ಪ್ರಸನ್ನ’ ಎಲೆಕ್ಟ್ರಿಕ್ ಗಿಟಾರಿನಲ್ಲಿ ಗಮಕ ಸಮೇತ ಕರ್ನಾಟಕ ಸಂಗೀತ ನುಡಿಸಿ ತೋರಿಸಿದರು. ಈ ಶತಮಾನದಲ್ಲಿ ‘ಜಂಕ್‌ಯಾರ್ಡ್ ಗ್ರೂವ್’, ‘ಸ್ಕ್ರ್ಯಾಟ್’, ‘ದಿ ಎಫ್16ಸ್’ ತಂಡಗಳು ಚೆನ್ನೈನಿಂದ ಹೊರಟು ಹೆಸರಾದವು. ಸಂಗೀತ ನಿರ್ದೇಶಕ ಅನಿರುದ್ಧ್ ರವಿಚಂದರ್ ಚಿತ್ರರಂಗಕ್ಕೆ ಬರುವ ಮುನ್ನ ‘ಝಿಂಕ್ಸ್’ ಎಂಬ ತಂಡದಲ್ಲಿದ್ದವರು. ಬ್ಯಾಂಡಿನಲ್ಲಿ ಬೆಳೆದ ಕಿವಿಗಳು ಹೀಗೆ ಸಿನಿಮಾದ ಕನ್ಸೋಲಿನ ಮುಂದೆ ಬಂದು ಕೂತ ಹೊತ್ತಿಗೆ ಕತೆಗಳೂ ಬದಲಾಗಿದ್ದವು.

ದೆವ್ವಗಳು ಮನೆ ಬದಲಿಸಿದ್ದವು. 2009ರ ಮಾರ್ಚ್‌ನಲ್ಲಿ ತೆರೆಕಂಡ ವಿಕ್ರಂ ಕುಮಾರ್ ನಿರ್ದೇಶನದ ‘ಯಾವರುಂ ನಲಂ’ ಚಿತ್ರದಲ್ಲಿ, ಹಿಂದಿಯಲ್ಲಿ ‘13ಬಿ’, ದೆವ್ವ ಇರುವುದು ಹೊಸ ಅಪಾರ್ಟ್‌ಮೆಂಟಿನಲ್ಲಿ. ಅದು ಮಾತಾಡುವುದು ಟಿ.ವಿ. ಧಾರಾವಾಹಿಯ ಮೂಲಕ. ಮಧ್ಯಾಹ್ನ ಒಂದು ಗಂಟೆಗೆ ಹೆಂಗಸರೆಲ್ಲ ಕೂತು ನೋಡುವ ಧಾರಾವಾಹಿಯಲ್ಲಿ ಅದೇ ಮನೆಯವರ ಕತೆ ನಡೆಯುತ್ತಿರುತ್ತದೆ. ಹಾಡುಗಳು ಶಂಕರ್–ಎಹ್ಸಾನ್–ಲಾಯ್ ಅವರದು. ಮೂವರಲ್ಲಿ ಎಹ್ಸಾನ್ ನೂರಾನಿ ರಾಕ್ ಮತ್ತು ಬ್ಲೂಸ್ ಹಿನ್ನೆಲೆಯ ಗಿಟಾರಿಸ್ಟ್. 2012ರ ಅಕ್ಟೋಬರಿನಲ್ಲಿ ಬಂದ ಕಾರ್ತಿಕ್ ಸುಬ್ಬರಾಜ್ ಅವರ ‘ಪಿಜ್ಜಾ’ದಲ್ಲಿ ಭಯಕ್ಕೆ ಸಿಕ್ಕಿಬೀಳುವವನು ಪಿಜ್ಜಾ ಡೆಲಿವರಿ ಹುಡುಗ, ವಿಜಯ್ ಸೇತುಪತಿ. ಸಂಗೀತ ನಿರ್ದೇಶಕ ಸಂತೋಷ್ ನಾರಾಯಣನ್ ಅವರಿಗೆ ಅದು ಆರಂಭದ ದಿನಗಳ ಚಿತ್ರ. ಮರುವರ್ಷ ಅದೇ ಕತೆ ಕನ್ನಡಕ್ಕೆ ‘ವಿಷಲ್’ ಆಗಿ ಬಂದು ಚಿರಂಜೀವಿ ಸರ್ಜಾ ನಾಯಕರಾದರು. ಇಂಥ ಕತೆಗಳಿಗೆ ವೀಣೆ, ಗೆಜ್ಜೆ ಹೊಂದುವುದಿಲ್ಲ. ಬೈಕು, ಮೊಬೈಲು, ಲಿಫ್ಟು ಇರುವ ಲೋಕಕ್ಕೆ ಆ ಲೋಕದವರೇ ಇಯರ್‌ಫೋನಿನಲ್ಲಿ ಕೇಳುವ ಸಂಗೀತ ಬೇಕು. ಸಿಂಥ್, ಡ್ರಮ್ಸ್, ಗಿಟಾರ್ ಒಳಗೆ ಬಂದದ್ದು ಈ ಬಾಗಿಲಿನಿಂದ.

ಒಬ್ಬ ಗಿಟಾರಿಸ್ಟೇ ಹಾರರ್ ಚಿತ್ರದ ಹಾಡುಗಳನ್ನು ಮಾಡಿದ ಪ್ರಸಂಗವೂ ಚೆನ್ನೈನಲ್ಲಿದೆ. 2015ರ ‘ಡಿಮಾಂಟಿ ಕಾಲೊನಿ’, ಆರ್. ಅಜಯ್ ಜ್ಞಾನಮುತ್ತು ನಿರ್ದೇಶನ, ಅರುಳ್‌ನಿಧಿ ನಾಯಕ. ಹಾಡುಗಳು ರಹಮಾನ್ ಸೇರಿದಂತೆ ಹಲವರಿಗೆ ಗಿಟಾರ್ ನುಡಿಸಿದ ಕೇಬಾ ಜೆರೆಮಿಯಾ ಅವರವು. ಹೆಸರಿನ ಕಾಲೊನಿ ಕಟ್ಟುಕತೆಯಲ್ಲ. ಆಳ್ವಾರ್‌ಪೇಟೆಯಲ್ಲಿ ನಿಜವಾಗಿಯೂ ಇದೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಮದರಾಸಿನ ಸಿರಿವಂತ ಪೋರ್ಚುಗೀಸ್ ವರ್ತಕನಾಗಿದ್ದ ಜಾನ್ ಡಿ ಮಾಂಟಿಯ ಹೆಸರು ಅದಕ್ಕಿದೆ. ಅವನ ಆಸ್ತಿ ಕ್ರೈಸ್ತ ಧರ್ಮಸಭೆಗೆ ಸೇರಿತು. ಪಾಳುಬಿದ್ದ ಮನೆಗಳ ಸಾಲಿನ ಸುತ್ತ ಊರಿನವರು ಕಟ್ಟಿದ ದೆವ್ವದ ಕತೆಗಳೇ ಚಿತ್ರಕ್ಕೆ ಬಂಡವಾಳ. ಆ ಚಿತ್ರದಲ್ಲೂ ಹಂಚಿಕೆ ಹಳೆಯದೇ: ಕೇಬಾ ಅವರಿಗೆ ಹುಡುಗರ ಮೋಜಿನ ಹಾಡುಗಳು, ಭಯದ ಹಿನ್ನೆಲೆ ಸಂಗೀತ ಎಸ್. ಚಿನ್ನಾ ಅವರಿಗೆ. 2024ರ ಎರಡನೆಯ ಭಾಗಕ್ಕೆ ಬಂದವರು ಸ್ಯಾಮ್ ಸಿ.ಎಸ್., ಹಿನ್ನೆಲೆ ಸಂಗೀತವನ್ನೇ ಮುಂದಿಟ್ಟು ಹೆಸರು ಮಾಡಿದವರು.

ಇಂದಿನ ಥೀಮ್ ಒಂದು ಚೆನ್ನೈನ ಸ್ಟುಡಿಯೊದಲ್ಲಿ ರೂಪುಗೊಳ್ಳುವ ಬಗೆಯೂ ಹಳೆಯದರಂತಿಲ್ಲ. ಎವಿಎಂ, ಪ್ರಸಾದ್ ಸ್ಟುಡಿಯೊಗಳಲ್ಲಿ ಹತ್ತಾರು ವಾದ್ಯಗಾರರು ಕಾಲ್‌ಶೀಟ್ ಲೆಕ್ಕದಲ್ಲಿ ಒಟ್ಟಿಗೆ ಕೂತು ನುಡಿಸುವ ಕಾಲದಲ್ಲಿ ಒಬ್ಬರು ತಪ್ಪಿದರೆ ಎಲ್ಲರೂ ಮೊದಲಿಂದ ಬಾರಿಸಬೇಕಿತ್ತು. ಈಗ ಮೊದಲು ಕಂಪ್ಯೂಟರಿನಲ್ಲಿ ತಾಳ ಎಣಿಸುವ ಕ್ಲಿಕ್ ಟ್ರ್ಯಾಕ್ ಹಾಕಿ ಲಯವನ್ನು ಕಟ್ಟಿಕೊಳ್ಳುತ್ತಾರೆ. ಗಿಟಾರಿಸ್ಟ್ ಒಬ್ಬರೇ ಬರುತ್ತಾರೆ. ಕೋಣೆಯಲ್ಲಿ ದೊಡ್ಡ ಆ್ಯಂಪ್ಲಿಫೈಯರ್ ಇರಲೇಬೇಕೆಂದಿಲ್ಲ, ತಂತಿಯ ಸಂಕೇತವನ್ನು ನೇರವಾಗಿ ಕಂಪ್ಯೂಟರಿಗೆ ಕೊಟ್ಟು ಆ್ಯಂಪಿನ ಗುಣವನ್ನು ಸಾಫ್ಟ್‌ವೇರಿನಲ್ಲಿ ಆರಿಸಬಹುದು. ಬಲಗೈಯ ಅಂಚನ್ನು ಬ್ರಿಡ್ಜ್ ಬಳಿ ತಂತಿಗಳಿಗೆ ಒತ್ತಿಟ್ಟು ಮೀಟಿದರೆ ಸ್ವರ ಪೂರ್ತಿ ಹರಡದೆ ಗುದ್ದಿದಂತೆ ಕೇಳುತ್ತದೆ. ಅದೇ ರಿಫ್ ಅನ್ನು ಎರಡು ಸಲ ಬೇರೆ ಬೇರೆಯಾಗಿ ನುಡಿಸಿ ಒಂದನ್ನು ಎಡಕ್ಕೆ, ಇನ್ನೊಂದನ್ನು ಬಲಕ್ಕೆ ಹಾಕುತ್ತಾರೆ. ಒಂದನ್ನೇ ನಕಲು ಮಾಡಿ ಎರಡೂ ಕಡೆ ಇಟ್ಟರೆ ಆ ಅಗಲ ಬಾರದು. ಎರಡು ಬಾರಿ ನುಡಿಸಿದಾಗ ಕೈಯಲ್ಲಿ ಉಳಿಯುವ ಕೂದಲೆಳೆಯಷ್ಟು ವ್ಯತ್ಯಾಸವೇ ಸದ್ದಿಗೆ ಗಾತ್ರ ಕೊಡುವುದು. ಇದರ ಕೆಳಗೆ ಬೇಸ್ ಗಿಟಾರ್, ಅದರ ಕೆಳಗೆ ಕಿಕ್ ಡ್ರಮ್. ಆಮೇಲೆ ಸಂಗೀತ ನಿರ್ದೇಶಕ ಜಾಣನಾದರೆ ಉರುಮಿ ಎಂಬ ಚರ್ಮವಾದ್ಯವನ್ನು ತರಿಸುತ್ತಾನೆ. ಬಾಗಿದ ಕೋಲಿನಿಂದ ಚರ್ಮವನ್ನು ಉಜ್ಜಿದಾಗ ಉರುಮಿ ನರಳುತ್ತದೆ. ತಮಿಳುನಾಡಿನ ಗ್ರಾಮದೇವತೆಗಳ ಜಾತ್ರೆಯಲ್ಲಿ ಮೈಮೇಲೆ ಬರುವ ಹೊತ್ತಿನ ಸದ್ದು ಅದು. ಕರ್ನಾಟಕದ ಬಯಲುಸೀಮೆಯವರಿಗೂ ಉರುಮೆಯೆಂದು ಪರಿಚಿತ. ಡಿಸ್ಟಾರ್ಷನ್ ಗಿಟಾರಿನ ಗುರುಗುಟ್ಟುವಿಕೆಗೂ ಉರುಮಿಯ ನರಳಿಕೆಗೂ ಗುಣದಲ್ಲಿ ಹತ್ತಿರದ ಸಂಬಂಧವಿದೆ, ಎರಡೂ ಒಂದೇ ಟ್ರ್ಯಾಕಿನಲ್ಲಿ ಬೆರೆತಾಗ ಯಾವುದು ಎಲ್ಲಿ ಮುಗಿಯಿತೆಂದು ಹೇಳುವುದು ಕಷ್ಟ. ಬರ್ಮಿಂಗ್‌ಹ್ಯಾಮಿನಿಂದ ಬಂದ ಸದ್ದು ಚೆನ್ನೈನದಾಗುವುದು ಇಂಥ ಕಡೆ.

ಹಾಗೆಂದು ಗಿಟಾರ್ ಎಲ್ಲ ಕಡೆಯೂ ಗೆದ್ದಿಲ್ಲ. 2014ರ ಮಿಷ್ಕಿನ್ ನಿರ್ದೇಶನದ ‘ಪಿಸಾಸು’ ಚಿತ್ರದಲ್ಲಿ ಸಂಗೀತ ನಿರ್ದೇಶಕ ಅರೋಲ್ ಕೊರೆಲ್ಲಿ ಪಿಟೀಲನ್ನೇ ನೆಚ್ಚಿದರು. ಇಡೀ ಚಿತ್ರಕ್ಕೆ ಇದ್ದದ್ದು ಒಂದೇ ಹಾಡು. ಆ ದೆವ್ವ ಪ್ರೀತಿಸುವ ದೆವ್ವ, ಅದಕ್ಕೆ ಡಿಸ್ಟಾರ್ಷನ್ ಹಾಕಿದ್ದರೆ ಕೆಡುತ್ತಿತ್ತು. ಅರಮನೆಯ ದೆವ್ವವೂ ತನ್ನ ರಾಗವನ್ನು ಬಿಟ್ಟುಕೊಟ್ಟಿಲ್ಲ. 1993ರ ಮಲಯಾಳಂ ‘ಮಣಿಚಿತ್ರತಾಳ್’ 2004ರಲ್ಲಿ ಪಿ. ವಾಸು ಕೈಯಲ್ಲಿ ಕನ್ನಡದ ‘ಆಪ್ತಮಿತ್ರ’ವಾಯಿತು, ಗುರುಕಿರಣ್ ಸಂಗೀತ, 2005ರಲ್ಲಿ ಅದೇ ವಾಸು ಅದನ್ನು ತಮಿಳಿಗೆ ‘ಚಂದ್ರಮುಖಿ’ಯಾಗಿ ತಂದರು, ವಿದ್ಯಾಸಾಗರ್ ಸಂಗೀತ. ಚೆನ್ನೈನ ಶಾಂತಿ ಚಿತ್ರಮಂದಿರದಲ್ಲಿ ಅದು 800ಕ್ಕೂ ಹೆಚ್ಚು ದಿನ ಓಡಿತು. ಕನ್ನಡದಲ್ಲೂ ತಮಿಳಿನಲ್ಲೂ ಕತೆಯಲ್ಲಿ ಕಾಡುವ ನರ್ತಕಿಯ ಆತ್ಮ ಹೊರಬರುವುದು ತೆಲುಗಿನ ಶಾಸ್ತ್ರೀಯ ಛಾಯೆಯ ನೃತ್ಯಗೀತೆಯಲ್ಲಿ. 2007ರಲ್ಲಿ ಚೆನ್ನೈಯೊಂದಿಗೆ ದೀರ್ಘಕಾಲದ ನಂಟಿರುವ ಪ್ರಿಯದರ್ಶನ್ ಅದೇ ಕತೆಯನ್ನು ಹಿಂದಿಗೆ ‘ಭೂಲ್ ಭುಲಯ್ಯಾ’ ಎಂದು ಒಯ್ದಾಗ ಒಂದು ಹೊಸ ಸಂಗತಿ ಸೇರಿಕೊಂಡಿತು. ಕತೆಯೊಳಗಿನ ದೆವ್ವಕ್ಕೆ ರಾಗವೇ ಉಳಿಯಿತು, ಶ್ರೇಯಾ ಘೋಷಾಲ್ ಹಾಡಿದ, ಬಂಗಾಳಿ ಸಾಲುಗಳಿರುವ ಹಾಡಿನಲ್ಲಿ. ಹೊರಗೆ, ಚಿತ್ರದ ಹೆಸರು ಹೊತ್ತ ಶೀರ್ಷಿಕೆ ಗೀತೆ ಪ್ರೀತಂ ಅವರ ಪಾಪ್–ರಾಕ್ ಕುಣಿತ. ಮುಂದಿನ ಭಾಗಗಳು ಬಂದಾಗಲೂ ಪ್ರಚಾರಕ್ಕೆ ಮರಳಿ ಬಳಸಿದ್ದು ಆ ಕುಣಿತವನ್ನೇ.

ಒಳಗೆ ರಾಗ, ಹೊರಗೆ ಬೀಟ್ ಎಂಬ ಈ ಪಾಲುಪಟ್ಟಿ ಇಂದು ಚೆನ್ನೈನ ಹಾರರ್ ಚಿತ್ರಗಳಲ್ಲಿ ನೆಲೆಯೂರಿದೆ. ಅದರ ಅತ್ಯಂತ ಸ್ಪಷ್ಟ ಉದಾಹರಣೆ ಕನ್ನಡದಿಂದಲೇ ಹೋದ ಕತೆ. ‘ಲೂಸಿಯಾ’ ಖ್ಯಾತಿಯ ಪವನ್ ಕುಮಾರ್ 2016ರ ಮೇ ತಿಂಗಳಲ್ಲಿ ‘ಯೂ ಟರ್ನ್’ ಬಿಡುಗಡೆ ಮಾಡಿದರು. ಬೆಂಗಳೂರಿನ ಡಬಲ್ ರೋಡ್ ಮೇಲುಸೇತುವೆಯಲ್ಲಿ ರಸ್ತೆ ವಿಭಜಕದ ಕಲ್ಲುಗಳನ್ನು ಸರಿಸಿ ಅಡ್ಡದಾರಿಯಲ್ಲಿ ತಿರುಗುವ ಬೈಕ್ ಸವಾರರು, ಅವರ ನಂಬರ್ ಬರೆದುಕೊಳ್ಳುವ ಒಬ್ಬ ಮನುಷ್ಯ, ಅದರ ಹಿಂದೆ ಬಿದ್ದ ಪತ್ರಕರ್ತೆ ಶ್ರದ್ಧಾ ಶ್ರೀನಾಥ್. ಪೂರ್ಣಚಂದ್ರ ತೇಜಸ್ವಿ ಸಂಗೀತ. ಟ್ರಾಫಿಕ್ ನಿಯಮ ಮುರಿದವರನ್ನು ಕಾಡುವ ದೆವ್ವಕ್ಕಿಂತ ಇಂದಿನ ನಗರದ ದೆವ್ವ ಬೇರೆ ಸಿಗಲಾರದು. 2018ರ ಸೆಪ್ಟೆಂಬರ್ 13ರಂದು ಪವನ್ ಅದನ್ನೇ ತಮಿಳು ಮತ್ತು ತೆಲುಗಿನಲ್ಲಿ ತಂದರು. ನಾಯಕಿ ಚೆನ್ನೈನಲ್ಲಿ ಬೆಳೆದ ಸಮಂತಾ. ಹಿನ್ನೆಲೆ ಸಂಗೀತ ತೇಜಸ್ವಿ ಅವರದೇ ಉಳಿಯಿತು. ಆದರೆ ಬಿಡುಗಡೆಗೆ ಮುನ್ನ ಅನಿರುದ್ಧ್ ಅವರಿಂದ ‘ದ ಕರ್ಮ ಥೀಮ್’ ಎಂಬ ಹಾಡನ್ನು ಮಾಡಿಸಿ, ಸಮಂತಾ ಕುಣಿಯುವ ವಿಡಿಯೋ ಹೊರಬಿಟ್ಟರು. ಶುದ್ಧ ರಾಕ್ ಎನ್ನಲಾಗದು. ಎಲೆಕ್ಟ್ರಾನಿಕ್ ಬೀಟ್ ಮುಂದಿರುವ ಹಾಡು. ಅದು ಮಾಡಿದ ಕೆಲಸ ಮಾತ್ರ ಆ್ಯಲಿಸ್ ಕೂಪರ್ ಹಾಡು 1986ರಲ್ಲಿ ಮಾಡಿದ್ದೇ, ಚಿತ್ರವನ್ನು ಮಾರುವುದು. ಚಿತ್ರದಲ್ಲಿ ಗಂಭೀರವಾಗಿ, ಮೇಕಪ್ಪಿಲ್ಲದಂತೆ ಕಾಣುವ ಪತ್ರಕರ್ತೆ ಹಾಡಿನಲ್ಲಿ ತಾರೆಯಾಗಿ ಕುಣಿಯುತ್ತಾಳೆ, ಕತೆಯ ಬಿಗಿಗೆ ಒಂದಿಷ್ಟೂ ಧಕ್ಕೆಯಾಗುವುದಿಲ್ಲ. ಹಾಡನ್ನು ಚಿತ್ರದೊಳಗೆ ತುರುಕಿದ್ದರೆ ಎರಡೂ ಕೆಡುತ್ತಿದ್ದವು.

ಸುಂದರ್ ಸಿ. ಅವರ 2024ರ ‘ಅರಣ್ಮನೈ 4’ ಕೂಡ ಇದೇ ದಾರಿ ಹಿಡಿಯಿತು. ಹಿಪ್‌ಹಾಪ್ ತಮಿಳಾ ಸಂಗೀತದಲ್ಲಿ ತಮನ್ನಾ ಮತ್ತು ರಾಶಿ ಖನ್ನಾ ಕುಣಿದ ಪ್ರಚಾರದ ಹಾಡು ಮಕ್ಕಳ ಬಾಯಲ್ಲೂ ನಲಿಯಿತು, ಮಕ್ಕಳು ಕಣ್ಣು ಮುಚ್ಚಿಕೊಳ್ಳುವ ಚಿತ್ರಕ್ಕೆ ಜನರನ್ನು ಕರೆತಂದಿತು. 2021ರಲ್ಲಿ ಸೆಲ್ವರಾಘವನ್ ಮಾಡಿದ ಹಾರರ್ ಚಿತ್ರವೊಂದು ಈ ನಿಯಮಕ್ಕೆ ಸ್ವಲ್ಪ ಹೊರತು. ಅದರ ಹೆಸರೂ ‘ನೆಂಜಂ ಮರಪ್ಪದಿಲ್ಲೈ’, ಎಸ್.ಜೆ. ಸೂರ್ಯ ವಹಿಸಿದ ಖಳನ ಅಡ್ಡಹೆಸರು ‘ರ‍್ಯಾಮ್ಸೆ’, ಮುಂಬಯಿಯ ರ‍್ಯಾಮ್ಸೆ ಸಹೋದರರ ಹಾರರ್ ಚಿತ್ರಗಳನ್ನು ನೆನಪಿಸುವಂತೆ. ಸಂಗೀತ ಇಳಯರಾಜಾ ಅವರ ಮಗ ಯುವನ್ ಶಂಕರ್ ರಾಜಾ ಅವರದು. ಇಲ್ಲಿ ಹಾಡುಗಳು ಪ್ರಚಾರಕ್ಕೆಂದು ಹೊರಗೆ ನಿಂತಿಲ್ಲ. ಖಳನ ತಿಕ್ಕಲುತನ ಹಾಡಿನಲ್ಲೇ, ಕುಣಿತದಲ್ಲೇ ಕಾಣಿಸಿಕೊಳ್ಳುತ್ತದೆ. ಚಿತ್ರದ ಬಗ್ಗೆ ಅಭಿಪ್ರಾಯ ಇಬ್ಭಾಗವಾದರೂ ಯುವನ್ ಸಂಗೀತದ ಬಗ್ಗೆ ಅಷ್ಟು ತಕರಾರು ಬರಲಿಲ್ಲ.